ಕೋರ್ ಬಿಸಿಯೇರಿದೆ, ರೋಟರ್ ಉಬ್ಬಿದೆ: ಹೈ-ಸ್ಪೀಡ್ ಮೋಟರ್‌ನಲ್ಲಿ ತಪ್ಪು ಹುಡುಕುವ ಬಗೆ

ಹೈ-ಸ್ಪೀಡ್ ಮೋಟರ್ ಮಾಡುವವರಿಗೆ ಎರಡು ತೊಂದರೆ ಮತ್ತೆ ಮತ್ತೆ ಎದುರಾಗುತ್ತವೆ. ಒಂದು, ವೇಗ ಏರಿದಂತೆ ಸ್ಟೇಟರ್, ಅಂದರೆ ಮೋಟರ್‌ನ ತಿರುಗದ ಹೊರಭಾಗ, ಲೆಕ್ಕಕ್ಕಿಂತ ಜಾಸ್ತಿ ಬಿಸಿಯಾಗುತ್ತದೆ. ಇನ್ನೊಂದು, ಗರಿಷ್ಠ ವೇಗಕ್ಕಿಂತ ಜೋರಾಗಿ ತಿರುಗಿಸಿ ನೋಡುವ ಓವರ್‌ಸ್ಪೀಡ್ ಟೆಸ್ಟ್ ಮುಗಿಸಿ ಅಳೆದರೆ ಒಳಗೆ ತಿರುಗುವ ರೋಟರ್‌ನ ಹೊರವ್ಯಾಸ ಹೆಚ್ಚಾಗಿರುತ್ತದೆ, ಇಲ್ಲವೇ ಅದರ ಅಂಚಿನ ಸಣ್ಣ ಪಟ್ಟಿಯಾದ ಬ್ರಿಡ್ಜ್‌ನಲ್ಲಿ ಬಿರುಕು ಕಾಣುತ್ತದೆ. ಎರಡಕ್ಕೂ ಮೊದಲು ಕೇಳಿಬರುವ ಮಾತು ಒಂದೇ: "ಶೀಟ್ ಸರಿಯಿಲ್ಲ, ಸಪ್ಲೈಯರ್‌ಗೆ ಮೇಲ್ ಹಾಕಿ."

ಶೀಟ್ ಅಂದರೆ ಸಿಲಿಕಾನ್ ಬೆರೆಸಿದ ತೆಳು ಸ್ಟೀಲ್ ಹಾಳೆ, ಎಲೆಕ್ಟ್ರಿಕಲ್ ಸ್ಟೀಲ್. ಮಿಲ್‌ನಿಂದ ಅದು ಕಾಯಿಲ್ ಅನ್ನುವ ಸುರುಳಿಯಾಗಿ ಬರುತ್ತದೆ. ಕತ್ತರಿಸಿ ಒಂದರ ಮೇಲೊಂದು ಜೋಡಿಸಿದರೆ ಕೋರ್. ಮೇಲ್ ಆಮೇಲೆ ಹಾಕಿದರಾಯಿತು. ಕಾಯಿಲ್ ಬಂದಾಗ ಚೆನ್ನಾಗಿಯೇ ಇದ್ದ ಶೀಟ್, ಕೋರ್ ಆಗುವ ಹೊತ್ತಿಗೆ ಕೆಟ್ಟಿರುವುದೇ ಜಾಸ್ತಿ. ಕತ್ತರಿಸುವಾಗ, ಜೋಡಿಸುವಾಗ, ಕುಲುಮೆಯಲ್ಲಿ ಕಾಯಿಸುವಾಗ, ಹೊರಕವಚವಾದ ಹೌಸಿಂಗ್‌ಗೆ ಕೂರಿಸುವಾಗ, ಹೀಗೆ ಎಲ್ಲೋ ಒಂದು ಕಡೆ. ಎಲ್ಲಿ ಅಂತ ಕಂಡುಹಿಡಿಯಲು ದುಬಾರಿ ಲ್ಯಾಬ್ ಬೇಕಿಲ್ಲ. ಅಳತೆಗಳನ್ನು ಸರಿಯಾದ ಕ್ರಮದಲ್ಲಿ ಮಾಡಬೇಕು, ಅಷ್ಟೇ.

ಗಟ್ಟಿ ಶೀಟ್ ಯಾಕೆ ಬೇಕಾಯಿತು

ಟೊಯೊಟಾ ಪ್ರಿಯಸ್ ಕಾರನ್ನೇ ನೋಡಿ. 2004ರ ಮಾದರಿಯಲ್ಲಿ ಮೋಟರ್‌ನ ಗರಿಷ್ಠ ವೇಗ 6,000 ಆರ್‌ಪಿಎಂ. 2010ರಲ್ಲಿ 13,500. 2017ರಲ್ಲಿ 17,000. ಮೋಟರ್ ಚಿಕ್ಕದಾಗಬೇಕು, ಪವರ್ ಮಾತ್ರ ಕಡಿಮೆಯಾಗಬಾರದು ಅಂದರೆ ಜೋರಾಗಿ ತಿರುಗಿಸದೆ ಬೇರೆ ದಾರಿಯಿಲ್ಲ.

ಈ ಮೋಟರ್‌ಗಳಲ್ಲಿ ಮ್ಯಾಗ್ನೆಟ್ ರೋಟರ್ ಒಳಗೆ ಕಿಂಡಿಯಲ್ಲಿ ಕೂತಿರುತ್ತದೆ. ಅದು ಹೊರಗೆ ಹಾರದಂತೆ ಹಿಡಿಯುವುದು ಅಂಚಿನಲ್ಲಿರುವ ಸಣ್ಣ ಪಟ್ಟಿ. ಅದೇ ಬ್ರಿಡ್ಜ್. ಅಗಲ ಹೆಚ್ಚೂಕಮ್ಮಿ 1 ಮಿ.ಮೀ. ಅದನ್ನು ದಪ್ಪ ಮಾಡಿದರೆ ಆಗಲ್ವಾ? ಆಗುತ್ತದೆ, ಆದರೆ ಬ್ರಿಡ್ಜ್ ಕೂಡ ಕಬ್ಬಿಣವೇ. ಮ್ಯಾಗ್ನೆಟ್‌ನ ಫ್ಲಕ್ಸ್ (ಕಾಂತದ ಹರಿವು) ಏರ್ ಗ್ಯಾಪ್ (ರೋಟರ್-ಸ್ಟೇಟರ್ ನಡುವಿನ ಸಂದಿ) ದಾಟಿ ಸ್ಟೇಟರ್‌ಗೆ ಹೋಗುವ ಬದಲು ಆ ಪಟ್ಟಿಯಲ್ಲೇ ಸುತ್ತಿ ವಾಪಸ್ ಬರುತ್ತದೆ. ದುಡ್ಡು ಕೊಟ್ಟು ತಂದ ಮ್ಯಾಗ್ನೆಟ್ ಸುಮ್ನೆ ವ್ಯರ್ಥ. ಹಾಗಾಗಿ ಬ್ರಿಡ್ಜ್ ಸಣ್ಣಗೇ ಇರಬೇಕು, ಶೀಟ್ ಗಟ್ಟಿಯಾಗಬೇಕು.

ಇನ್ನು ಮುಂದೆ ಲೆಕ್ಕಕ್ಕೆ ಒಂದೇ ಮೋಟರ್ ಇಟ್ಟುಕೊಳ್ಳೋಣ. 8 ಪೋಲ್, 18,000 ಆರ್‌ಪಿಎಂ, ರೋಟರ್ ವ್ಯಾಸ 140 ಮಿ.ಮೀ., ಸ್ಟೇಟರ್ ಹೊರವ್ಯಾಸ 200 ಮಿ.ಮೀ., ಶೀಟ್ 0.25 ಮಿ.ಮೀ. ರೋಟರ್ ಅಂಚು ಸೆಕೆಂಡಿಗೆ ಸುಮಾರು 132 ಮೀಟರ್ ಓಡುತ್ತದೆ. ಸ್ಟೇಟರ್‌ನಲ್ಲಿ ಫ್ರೀಕ್ವೆನ್ಸಿ 1,200 ಹರ್ಟ್ಜ್. ಮ್ಯಾಗ್ನೆಟ್ ಇಲ್ಲದ ಬರೀ ತೆಳು ಉಂಗುರ ಆ ವೇಗದಲ್ಲಿ ತಿರುಗಿದರೂ ಅದರಲ್ಲಿ 133 ಮೆಗಾಪ್ಯಾಸ್ಕಲ್ ಒತ್ತಡ ಬರುತ್ತದೆ. ಮ್ಯಾಗ್ನೆಟ್ ತೂಕವನ್ನೂ ಹೊತ್ತ ಬ್ರಿಡ್ಜ್‌ನ ಮೂಲೆಯಲ್ಲಿ ಅದರ ಹಲವು ಪಟ್ಟು. ಒತ್ತಡ ಏರುವುದು ವೇಗದ ವರ್ಗಕ್ಕೆ ಸರಿಯಾಗಿ. 20% ಓವರ್‌ಸ್ಪೀಡ್ ಅಂದರೆ ಒತ್ತಡ 44% ಜಾಸ್ತಿ.

ಮಾಮೂಲಿ 3% ಸಿಲಿಕಾನ್ ಶೀಟ್‌ನ ಯೀಲ್ಡ್, ಅಂದರೆ ಎಳೆದರೆ ವಾಪಸ್ ಬರದಂತೆ ಹಿಗ್ಗಲು ಶುರುವಾಗುವ ಒತ್ತಡ, 350ರಿಂದ 450 ಮೆಗಾಪ್ಯಾಸ್ಕಲ್ ಆಸುಪಾಸು. ಹೈ-ಸ್ಟ್ರೆಂತ್ ಅಂತ ಮಾರುವ ಶೀಟ್‌ಗಳು 550ರಿಂದ 800ರವರೆಗೂ ಹೋಗುತ್ತವೆ. ಆದರೆ ಇಲ್ಲಿ ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯುತ್ತದೆ. ಕೋರ್ ಲಾಸ್ (ಕೋರ್‌ನಲ್ಲಿ ಬಿಸಿಯಾಗಿ ಪೋಲಾಗುವ ಪವರ್) ಕಡಿಮೆ ಬೇಕಾದರೆ ಲೋಹದ ಕಣ ದೊಡ್ಡದಿರಬೇಕು, ಒಳಗೆ ಕೊಳೆಯಾಗಲಿ ತಿರುಚಾಗಲಿ ಇರಬಾರದು. ಗಟ್ಟಿ ಬೇಕಾದರೆ ಇದಕ್ಕೆ ಪೂರಾ ಉಲ್ಟಾ: ಕಣ ಸಣ್ಣದಿರಬೇಕು, ಒಳಗೆ ಅಡ್ಡಗಟ್ಟುವ ಚೂರುಗಳಿರಬೇಕು. ಲೋಹ ಜಾರದಂತೆ ತಡೆಯುವ ಅದೇ ಚೂರುಗಳು ಮ್ಯಾಗ್ನೆಟಿಕ್ ಡೊಮೇನ್ ಗೋಡೆಗಳನ್ನೂ (ಕಾಂತದ ದಿಕ್ಕು ಬದಲಾಗುವಾಗ ಜರುಗಬೇಕಾದ ಒಳಗಿನ ಗಡಿಗಳು) ತಡೆಯುತ್ತವೆ. ಎರಡೂ ಕಡೆಗೆ ಒಳ್ಳೆಯದು ಮಾಡುವುದು ಸಿಲಿಕಾನ್. ಶೀಟ್ ಗಟ್ಟಿಯೂ ಆಗುತ್ತದೆ, ಕರೆಂಟಿಗೆ ಅಡ್ಡಿಯೂ ಜಾಸ್ತಿಯಾಗುತ್ತದೆ. ಆದರೆ ಸುಮಾರು 3.5% ದಾಟಿದರೆ ಶೀಟ್ ಪೆಡಸಾಗುತ್ತದೆ, ತಣ್ಣಗೆ ರೋಲ್ ಮಾಡುವಾಗ ಒಡೆಯುತ್ತದೆ. ಜಪಾನಿನ ಜೆಎಫ್‌ಇ 6.5% ಶೀಟ್ ಮಾಡುವುದೂ ಮೊದಲು ರೋಲ್ ಮಾಡಿ, ಆಮೇಲೆ ಅನಿಲದ ಮೂಲಕ ಸಿಲಿಕಾನ್ ಒಳಗಿಳಿಸಿ.

ಹಾಗಾಗಿ ನಿಮ್ಮ ಶೀಟ್ ಎಷ್ಟು ಗಟ್ಟಿ ಅನ್ನುವುದರ ಜೊತೆಗೆ, ಆ ಗಟ್ಟಿತನ ಎಲ್ಲಿಂದ ಬಂತು ಅನ್ನುವುದೂ ಗೊತ್ತಿರಬೇಕು. ಸಿಲಿಕಾನ್, ಮ್ಯಾಂಗನೀಸ್, ಅಲ್ಯೂಮಿನಿಯಂ ಬೆರೆತು ಬಂದ ಗಟ್ಟಿತನ ಕಾಯಿಸಿದರೂ ಹೆಚ್ಚಾಗಿ ಉಳಿಯುತ್ತದೆ. ಸಣ್ಣ ಕಣದಿಂದಲೋ, ರೋಲಿಂಗ್‌ನ ಒತ್ತಡವನ್ನು ಪೂರ್ತಿ ಬಿಡಿಸದೆ ಉಳಿಸಿದ್ದರಿಂದಲೋ ಬಂದದ್ದು ಅನೀಲಿಂಗ್ (ಕಾಯಿಸಿ ಒಳಗಿನ ಒತ್ತಡ ಬಿಡಿಸುವುದು) ಕುಲುಮೆಯಲ್ಲಿ ಹೊರಟುಹೋಗುತ್ತದೆ. ತಾಮ್ರದ ಸಣ್ಣ ಕಣಗಳಿಂದ ಗಟ್ಟಿಯಾಗುವ ಜಾತಿಯೂ ಇದೆ. ಅದಕ್ಕೆ ಹೇಳಿದ ಹದದಲ್ಲಿ ಕಾವು ಕೊಟ್ಟ ಮೇಲೇ ಬಲ ಬರುತ್ತದೆ. ಕಾಯಿಲ್ ಬಂದ ದಿನವೇ ಮಿಲ್‌ಗೆ ಈ ಒಂದು ಪ್ರಶ್ನೆ ಕೇಳಿ ಬರೆದಿಟ್ಟುಕೊಂಡರೆ ಮುಂದೆ ಅರ್ಧ ತಲೆನೋವು ತಪ್ಪುತ್ತದೆ.

ಬಿಚ್ಚುವ ಮೊದಲು

ಮೊದಲು ಟೆಸ್ಟ್ ಸರ್ಟಿಫಿಕೇಟ್ ತೆಗೆದು ಓದಿ. ಎಂ300-35ಎ ಅಂತ ಇದ್ದರೆ 0.35 ಮಿ.ಮೀ. ಶೀಟ್, 1.5 ಟೆಸ್ಲಾ, 50 ಹರ್ಟ್ಜ್‌ನಲ್ಲಿ ಕೆ.ಜಿ.ಗೆ ಹೆಚ್ಚೆಂದರೆ 3 ವ್ಯಾಟ್ ಲಾಸ್. ಎನ್ಒ20-1200 ಅಂತ ಇದ್ದರೆ 0.20 ಮಿ.ಮೀ., 1 ಟೆಸ್ಲಾ, 400 ಹರ್ಟ್ಜ್‌ನಲ್ಲಿ 12 ವ್ಯಾಟ್. 50 ಹರ್ಟ್ಜ್‌ನ ಅಂಕಿ ನೋಡಿ 1,200 ಹರ್ಟ್ಜ್ ಮೋಟರ್‌ಗೆ ಶೀಟ್ ಆರಿಸಿದ್ದರೆ ದೋಷ ಶೀಟ್‌ನದ್ದಲ್ಲ, ಆಯ್ಕೆಯದ್ದು. ಎಡ್ಡಿ ಲಾಸ್ (ಶೀಟ್ ಒಳಗೇ ಸುತ್ತುವ ಕರೆಂಟಿನ ಲಾಸ್) ಫ್ರೀಕ್ವೆನ್ಸಿಯ ವರ್ಗಕ್ಕೂ ದಪ್ಪದ ವರ್ಗಕ್ಕೂ ತಕ್ಕಂತೆ ಏರುತ್ತದೆ. 1 ಟೆಸ್ಲಾ, 400 ಹರ್ಟ್ಜ್‌ನಲ್ಲಿ 3% ಸಿಲಿಕಾನ್ ಶೀಟ್‌ಗೆ ಸೂತ್ರ ಹಾಕಿದರೆ ಎಡ್ಡಿ ಪಾಲು 0.35 ಮಿ.ಮೀ.ಗೆ ಕೆ.ಜಿ.ಗೆ 8.4 ವ್ಯಾಟ್, 0.25ಕ್ಕೆ 4.3, 0.20ಕ್ಕೆ 2.8.

ಆಮೇಲೆ ಮೈಕ್ರೋಮೀಟರ್ ಹಿಡಿದು ಶೀಟ್ ದಪ್ಪ ಅಳೆಯಿರಿ. ಬರ್ (ಕತ್ತರಿಸಿದ ಅಂಚಿನಲ್ಲಿ ಏಳುವ ಚೂಪು) ಇಲ್ಲದ ಜಾಗದಲ್ಲಿ, ಪಟ್ಟಿಯ ನಡುವೆ ಮತ್ತು ಅಂಚಿನಲ್ಲಿ. ಇದು ಎಲ್ಲರಿಗೂ ಗೊತ್ತಿರುವ ಕೆಲಸ, ಹಾಗಾಗಿಯೇ ಯಾರೂ ಮಾಡುವುದಿಲ್ಲ. 0.25ರ ಜಾಗದಲ್ಲಿ 0.27 ಬಂದಿದ್ದರೆ ಎಡ್ಡಿ ಪಾಲು ಆಗಲೇ 17% ಏರಿರುತ್ತದೆ.

ಮೂರನೆಯದು, ಕಾಯುತ್ತಿರುವುದು ಕೋರೇ ಹೌದಾ? ಹೈ-ಸ್ಪೀಡ್ ಮೋಟರ್‌ನಲ್ಲಿ ಬಿಸಿ ಹುಟ್ಟುವ ಜಾಗ ಹಲವು. ಹೇರ್‌ಪಿನ್ ತಂತಿಯಲ್ಲಿ ಎಸಿ ಲಾಸ್, ಮ್ಯಾಗ್ನೆಟ್‌ನೊಳಗೆ ಎಡ್ಡಿ, ಬೇರಿಂಗ್, ಗಾಳಿಯ ಉಜ್ಜು, ಇನ್ವರ್ಟರ್‌ನ ಸ್ವಿಚಿಂಗ್ ಅಲೆಗಳು. ಬೇರ್ಪಡಿಸುವ ಸರಳ ದಾರಿ ಡಮ್ಮಿ ರೋಟರ್. ಅದೇ ಅಳತೆ, ಅದೇ ತೂಕ, ಆದರೆ ಮ್ಯಾಗ್ನೆಟ್‌ಗೆ ಕಾಂತ ಕೊಟ್ಟಿರಬಾರದು. ಇನ್ನೊಂದು ಮೋಟರ್‌ನಿಂದ ಅದನ್ನು ತಿರುಗಿಸಿ ಟಾರ್ಕ್ ಅಳೆಯಿರಿ. ಆಮೇಲೆ ನಿಜವಾದ ರೋಟರ್ ಹಾಕಿ ಅದೇ ವೇಗದಲ್ಲಿ ಅಳೆಯಿರಿ. ವೈಂಡಿಂಗ್‌ನಲ್ಲಿ ಪ್ಯಾರಲಲ್ ದಾರಿಗಳಿದ್ದರೆ ಬಿಡಿಸಿಡಿ, ಇಲ್ಲದಿದ್ದರೆ ಅವುಗಳಲ್ಲಿ ಸುತ್ತುವ ಕರೆಂಟೂ ಲೆಕ್ಕಕ್ಕೆ ಸೇರಿಬಿಡುತ್ತದೆ. ಎರಡು ಟಾರ್ಕ್‌ಗಳ ವ್ಯತ್ಯಾಸ ಬಹುಪಾಲು ಕಬ್ಬಿಣದ ಲಾಸ್. ಅದು ಲೆಕ್ಕಕ್ಕೆ ಹೊಂದಿದರೆ ಕೋರ್ ಬಿಟ್ಟುಬಿಡಿ, ಲೋಡ್ ಹಾಕಿದಾಗ ಮಾತ್ರ ಬರುವ ಬಿಸಿಯ ಬೆನ್ನು ಹತ್ತಿ. ಹೊಂದದಿದ್ದರೆ ಮುಂದೆ ಓದಿ.

ಸ್ಟೇಟರ್ ಕಾಯುತ್ತಿದ್ದರೆ: ಲೂಪ್ ಟೆಸ್ಟ್

ವೈಂಡಿಂಗ್ ಹಾಕದ ಸ್ಟೇಟರ್ ಸ್ಟ್ಯಾಕ್ (ಜೋಡಿಸಿದ ಹಾಳೆಗಳ ಕಟ್ಟು) ಒಂದನ್ನು ತೆಗೆದುಕೊಳ್ಳಿ. ಬೋರ್ (ನಡುವಿನ ತೂತು) ಒಳಗಿಂದ ಹೊರಗೆ ಯೋಕ್ (ಹಲ್ಲುಗಳ ಹಿಂದಿನ ಉಂಗುರ) ಸುತ್ತ ತಂತಿ ಸುತ್ತಿ. ಕರೆಂಟ್ ಕೊಡಲು 20 ಸುತ್ತು, ವೋಲ್ಟೇಜ್ ಅಳೆಯಲು ಬೇರೆ 10 ಸುತ್ತು. ನಮ್ಮ ಮೋಟರ್‌ನಲ್ಲಿ ಸ್ಟ್ಯಾಕ್ ಉದ್ದ 100 ಮಿ.ಮೀ., ಯೋಕ್ ಆಳ 20 ಮಿ.ಮೀ., ಸ್ಟ್ಯಾಕಿಂಗ್ ಫ್ಯಾಕ್ಟರ್ (ಕಟ್ಟಿನಲ್ಲಿ ನಿಜವಾದ ಕಬ್ಬಿಣದ ಪಾಲು) 0.95 ಅಂತಿಟ್ಟುಕೊಂಡರೆ ಕಬ್ಬಿಣದ ವಿಸ್ತೀರ್ಣ 0.0019 ಚದರ ಮೀಟರ್. ವೋಲ್ಟೇಜ್ ಅಂದರೆ 4.44, ಫ್ರೀಕ್ವೆನ್ಸಿ, ಸುತ್ತು, ವಿಸ್ತೀರ್ಣ, ಫ್ಲಕ್ಸ್ ಸಾಂದ್ರತೆ ಇಷ್ಟನ್ನೂ ಗುಣಿಸಿದ್ದು. 50 ಹರ್ಟ್ಜ್‌ನಲ್ಲಿ 1 ಟೆಸ್ಲಾ ಬೇಕಾದರೆ ಆ 10 ಸುತ್ತಿನಲ್ಲಿ 4.2 ವೋಲ್ಟ್ ಬರಬೇಕು, 400 ಹರ್ಟ್ಜ್‌ನಲ್ಲಿ 33.7 ವೋಲ್ಟ್.

ಕರೆಂಟ್ ಕೊಡಲು ಒಂದು ಗಟ್ಟಿ ಆಡಿಯೋ ಪವರ್ ಆಂಪ್ಲಿಫೈಯರ್ ಮತ್ತು ಸಿಗ್ನಲ್ ಜನರೇಟರ್ ಸಾಕು. ಸುತ್ತಿನ ತಂತಿಯ ಲಾಸ್ ಲೆಕ್ಕಕ್ಕೆ ಸೇರಬಾರದು. ಹಾಗಾಗಿ ಪವರ್ ಮೀಟರ್‌ಗೆ ಕರೆಂಟನ್ನು 20 ಸುತ್ತಿನಿಂದ, ವೋಲ್ಟೇಜನ್ನು 10 ಸುತ್ತಿನಿಂದ ಕೊಟ್ಟು, ಬಂದ ವ್ಯಾಟನ್ನು 2ರಿಂದ ಗುಣಿಸಿ. ಯೋಕ್ ತೂಕ ಸುಮಾರು 8.2 ಕೆ.ಜಿ. ಬರುತ್ತದೆ. ಭಾಗಿಸುವಾಗ ಹಲ್ಲುಗಳ ತೂಕ ಸೇರಿಸಬೇಡಿ, ಈ ಟೆಸ್ಟ್‌ನಲ್ಲಿ ಹಲ್ಲುಗಳಲ್ಲಿ ಫ್ಲಕ್ಸ್ ಹೆಚ್ಚೂಕಮ್ಮಿ ಇರುವುದೇ ಇಲ್ಲ. ಒಟ್ಟು ತೂಕದಿಂದ ಭಾಗಿಸಿದರೆ ಲಾಸ್ ಕಡಿಮೆ ಕಂಡು, ಕೆಟ್ಟ ಕೋರ್ ಕೂಡ ಪಾಸಾಗಿಬಿಡುತ್ತದೆ.

ಈಗ 1 ಟೆಸ್ಲಾ ಹಾಗೇ ಇಟ್ಟುಕೊಂಡು 50, 100, 200, 400 ಹರ್ಟ್ಜ್‌ನಲ್ಲಿ ಅಳೆಯಿರಿ. ಪ್ರತಿ ಲಾಸನ್ನೂ ಅದರ ಫ್ರೀಕ್ವೆನ್ಸಿಯಿಂದ ಭಾಗಿಸಿ. ಸಿಗುವುದು ಕರೆಂಟಿನ ಒಂದು ಸೈಕಲ್‌ಗೆ ಕೆ.ಜಿ.ಗೆ ಎಷ್ಟು ಜೂಲ್ ಅನ್ನುವುದು. ಅದನ್ನು ಗ್ರಾಫ್ ಮೇಲೆ ಹಾಕಿದರೆ ಹೆಚ್ಚೂಕಮ್ಮಿ ನೇರ ಗೆರೆ ಬರುತ್ತದೆ. ಇಲ್ಲಿ ಹೇಳುವುದರಲ್ಲೆಲ್ಲ ನನಗೆ ಇದಕ್ಕಿಂತ ಇಷ್ಟವಾದ ಟೆಸ್ಟ್ ಇನ್ನೊಂದಿಲ್ಲ. ಗೆರೆ ಎಡಗಡೆ ಎಷ್ಟು ಎತ್ತರದಲ್ಲಿ ಶುರುವಾಗುತ್ತದೆ ಅನ್ನುವುದು ಹಿಸ್ಟೆರಿಸಿಸ್ ಕಥೆ, ಅಂದರೆ ಕಾಂತದ ದಿಕ್ಕು ತಿರುಗಿಸಲು ಪ್ರತಿ ಸಲ ಆಗುವ ಲಾಸ್. ಎಷ್ಟು ಕಡಿದಾಗಿ ಏರುತ್ತದೆ ಅನ್ನುವುದು ಎಡ್ಡಿ ಕಥೆ.

ಉದಾಹರಣೆಗೆ, ಒಳ್ಳೆಯ 0.25 ಮಿ.ಮೀ. ಕೋರ್ ಒಂದು 50 ಹರ್ಟ್ಜ್‌ನಲ್ಲಿ 0.018, 400ರಲ್ಲಿ 0.030 ಕೊಡುತ್ತದೆ ಅಂತಿಟ್ಟುಕೊಳ್ಳಿ. ಅಂದರೆ 400ರಲ್ಲಿ ಕೆ.ಜಿ.ಗೆ 12 ವ್ಯಾಟ್. ಮೊದಲನೇ ಕೆಟ್ಟ ಕೋರ್ 0.025 ಮತ್ತು 0.037 ಕೊಟ್ಟರೆ ಗೆರೆ ಹಾಗೇ ಮೇಲೆ ಎದ್ದಿದೆ, ಓರೆ ಬದಲಾಗಿಲ್ಲ. 400ರಲ್ಲಿ 14.8 ವ್ಯಾಟ್. ಎರಡನೇ ಕೋರ್ 0.019 ಮತ್ತು 0.042 ಕೊಟ್ಟರೆ ಬುಡ ಸರಿ, ಓರೆ ಕಡಿದಾಗಿದೆ. 400ರಲ್ಲಿ 16.8 ವ್ಯಾಟ್. ಎರಡೂ ಒಂದೇ ಥರ ಕೆಟ್ಟಂತೆ ಕಾಣುತ್ತವೆ, ಅಲ್ವಾ? ಗೆರೆಯನ್ನು 1,200 ಹರ್ಟ್ಜ್‌ವರೆಗೆ ಎಳೆದು ನೋಡಿ. ಒಳ್ಳೆಯ ಕೋರ್ 69 ವ್ಯಾಟ್, ಮೊದಲನೆಯದು 77, ಎರಡನೆಯದು 113. ಮೊದಲನೆಯದರ ಜೊತೆ ಬದುಕಬಹುದು. ಎರಡನೆಯದರ ಜೊತೆ ಆಗುವುದಿಲ್ಲ. ರೋಗ ಬೇರೆ, ಮದ್ದೂ ಬೇರೆ.

ಓರೆ ಕಡಿದಾಗಿದ್ದರೆ

ಹಾಳೆ ಹಾಳೆಗಳ ನಡುವೆ ಕರೆಂಟ್ ದಾಟುತ್ತಿದೆ, ಇಲ್ಲವೇ ಹಾಳೆಯೇ ದಪ್ಪ. ದಪ್ಪ ಆಗಲೇ ಅಳೆದಾಯಿತು. ಉಳಿದದ್ದು ಶಾರ್ಟ್.

ಇಲ್ಲಿ ಬಹಳ ಜನ ಎಡವುವ ಜಾಗ ಒಂದಿದೆ. ಹಾಳೆಗಳು ಒಂದೇ ಕಡೆ ಕೂಡಿಕೊಂಡಿದ್ದರೆ ಅಷ್ಟೇನೂ ತೊಂದರೆಯಿಲ್ಲ. ಕರೆಂಟ್ ಹರಿಯಲು ಸುತ್ತು ಪೂರ್ತಿಯಾಗಬೇಕು. ಹೊರಬೆನ್ನಿಗೆ ವೆಲ್ಡ್ ಇದ್ದು, ಬೋರ್ ಕಡೆ ಬರ್ ತಾಗಿಕೊಂಡಿದ್ದರೆ ಆಗ ದಾರಿ ಪೂರ್ತಿಯಾಗುತ್ತದೆ. ಫ್ಲಕ್ಸ್ ಅದರ ನಡುವೆ ಹಾದುಹೋಗುತ್ತದೆ, ಕರೆಂಟ್ ಹರಿಯುತ್ತದೆ. "ವೆಲ್ಡ್ ಮೊದಲಿಂದಲೂ ಇದೆ, ಆಗ ಏನೂ ಆಗಿರಲಿಲ್ಲ" ಅನ್ನುವ ಮಾತು ನಿಜವೇ. ಆಗ ಡೈ (ಹಾಳೆ ಕತ್ತರಿಸುವ ಅಚ್ಚು) ಹೊಸದಿತ್ತು, ಬರ್ ಇರಲಿಲ್ಲ. ಡೈ ಸವೆದು ಬರ್ ಎದ್ದಾಗ ಹಳೇ ವೆಲ್ಡ್‌ಗೆ ಜೋಡಿ ಸಿಕ್ಕಿತು.

ಬರ್ ಅಳೆಯುವುದು ಹೀಗೆ: ಅಂಚಿನ ಮೇಲೆ ಒಮ್ಮೆ, ಅಲ್ಲಿಂದ ಸ್ವಲ್ಪ ಒಳಗೆ ಒಮ್ಮೆ ಮೈಕ್ರೋಮೀಟರ್ ಇಟ್ಟು ವ್ಯತ್ಯಾಸ ನೋಡಿ. 0.25 ಶೀಟ್‌ನಲ್ಲಿ 0.02 ದಾಟಿದರೆ ಡೈ ಸಾಣೆಗೆ ಹೋಗಬೇಕು. ಹೈ-ಸ್ಟ್ರೆಂತ್ ಶೀಟ್‌ನಲ್ಲಿ ಈ ದಿನ ಬೇಗ ಬರುತ್ತದೆ. ನಮ್ಮ ಪೀಣ್ಯದ ಪ್ರೆಸ್ ಶಾಪ್‌ಗಳಿಗೆ ಪಂಪು-ಫ್ಯಾನಿನ 0.50 ಮಿ.ಮೀ. ಸ್ಟ್ಯಾಂಪಿಂಗ್ ಕೈಗೆ ಒಗ್ಗಿದ ಕೆಲಸ. ತೆಳು ಗಟ್ಟಿ ಶೀಟ್‌ನ ಲೆಕ್ಕ ಬೇರೆ. ಪಂಚ್ ಮತ್ತು ಡೈ ನಡುವಿನ ಕ್ಲಿಯರೆನ್ಸ್ ಒಂದು ಬದಿಗೆ ದಪ್ಪದ 5ರಿಂದ 8% ಅಂದರೆ 0.25 ಶೀಟ್‌ಗೆ 0.0125ರಿಂದ 0.02 ಮಿ.ಮೀ. ಅಷ್ಟು ಸಣ್ಣ ಸಂದಿಯಲ್ಲಿ ಪ್ರೆಸ್‌ನ ಸ್ಲೈಡ್ ಚೂರು ಅಲುಗಿದರೂ ಒಂದು ಬದಿಗೆ ಬರ್ ಏಳುತ್ತದೆ. ಸುತ್ತಲೂ ಬರ್ ಇದ್ದರೆ ಪಂಚ್ ಸವೆದಿದೆ. ಒಂದೇ ಬದಿಗಿದ್ದರೆ ಪ್ರೆಸ್‌ನ ಅಲೈನ್‌ಮೆಂಟ್ ನೋಡಿ.

ಮಾದರಿ ಕೋರನ್ನು ತಂತಿಯ ಕಿಡಿಯಿಂದ ಕತ್ತರಿಸುವ ವೈರ್ ಕಟ್‌ನಲ್ಲಿ ಮಾಡಿಸಿದ್ದರೆ ಇನ್ನೊಂದು ಎಚ್ಚರ. ಕಟ್ಟು ಕಟ್ಟಾಗಿ ಹಿಡಿದು ಕತ್ತರಿಸಿದಾಗ ಅಂಚಿನ ಲೋಹ ಕರಗಿ ಹಾಳೆಯಿಂದ ಹಾಳೆಗೆ ಅಂಟಿಕೊಳ್ಳಬಹುದು. ಹೊರಗೂ ಒಳಗೂ ವೈರ್ ಕಟ್ ಮಾಡಿದ್ದರೆ ಸುತ್ತು ಪೂರ್ತಿಯಾಗಲು ಬರ್ ಬೇಕಾಗಿಯೇ ಇಲ್ಲ.

ಜಾಗ ಗುರುತಿಸಲು ಥರ್ಮಲ್ ಕ್ಯಾಮೆರಾ ಒಳ್ಳೆಯದು. ಲೂಪ್ ಟೆಸ್ಟನ್ನು 400 ಹರ್ಟ್ಜ್‌ನಲ್ಲಿ ಕಾಲು ಗಂಟೆ ಬಿಟ್ಟು ನೋಡಿ. ವೆಲ್ಡ್ ಗೆರೆ ಉದ್ದಕ್ಕೋ, ಹಾಳೆಗಳನ್ನು ಒತ್ತಿ ಕೂಡಿಸಿದ ಇಂಟರ್‌ಲಾಕ್ ಚುಕ್ಕಿಯ ಸುತ್ತಲೋ ಬಿಸಿ ಎದ್ದು ಕಂಡರೆ ಶಾರ್ಟ್ ಅಲ್ಲೇ. ಎಲ್ಲ ಕಡೆ ಒಂದೇ ಸಮ ಬಿಸಿಯಾದರೆ ಒಂದು ಜಾಗದ ಶಾರ್ಟ್ ಅಲ್ಲ, ಶೀಟ್ ದಪ್ಪ ಅಥವಾ ಕೋಟಿಂಗ್ ಕಥೆ. ಮುಂದಿನ ಬ್ಯಾಚಿಗೆ ಇಂಟರ್‌ಲಾಕ್ ಬಿಟ್ಟು ಅಂಟಿನಿಂದ ಜೋಡಿಸುವ ದಾರಿಯೂ ಇದೆ. ಖರ್ಚು ಜಾಸ್ತಿ, ಆದರೆ 1,000 ಹರ್ಟ್ಜ್ ದಾಟಿದ ಮೋಟರ್‌ಗೆ ಅದು ಸಮಂಜಸವೇ ಅನ್ನುವುದು ನನ್ನ ಅಭಿಪ್ರಾಯ.

ಕೋಟಿಂಗ್ ಮೇಲೂ ಒಂದು ಕಣ್ಣಿರಲಿ. ಸಿ-3 ಅನ್ನುವ ಬರೀ ವಾರ್ನಿಷ್ ಜಾತಿಯ ಕೋಟಿಂಗ್ ಅನೀಲಿಂಗ್ ಕಾವಿಗೆ ಸುಟ್ಟುಹೋಗುತ್ತದೆ. ಸಿ-5 ಜಾತಿ ತಡೆಯುತ್ತದೆ. ಅನೀಲಿಂಗ್ ಆದ ಮೇಲೆ ಓರೆ ಕಡಿದಾಯಿತು ಅಂದರೆ ಮೊದಲ ಅನುಮಾನ ಇದರ ಮೇಲೆ.

ಬುಡ ಎದ್ದಿದ್ದರೆ

ಇಲ್ಲಿ ಶೀಟ್‌ನೊಳಗೆ ಒತ್ತಡ ಕೂತಿದೆ. ಮುಖ್ಯವಾಗಿ ಎರಡು ಕಡೆಯಿಂದ ಬರುತ್ತದೆ.

ಒಂದು ಪಂಚಿಂಗ್. ಕತ್ತರಿಸಿದ ಅಂಚಿನ ಪಕ್ಕದ ಲೋಹ ಜಜ್ಜಿರುತ್ತದೆ. ಅದರ ಕಾಂತೀಯ ಪರಿಣಾಮ ಮಿಲಿಮೀಟರ್ ಲೆಕ್ಕದಲ್ಲಿ ಒಳಗೆ ಹೋಗುತ್ತದೆ. 5 ಮಿ.ಮೀ. ಅಗಲದ ಹಲ್ಲಿಗೆ ಎರಡೂ ಬದಿಯಿಂದ ಏಟು ಬಿದ್ದರೆ ನಡುವೆ ಚೆನ್ನಾಗಿ ಉಳಿಯುವುದು ಸ್ವಲ್ಪವೇ. ಲೂಪ್ ಟೆಸ್ಟ್‌ನಲ್ಲಿ ಹಲ್ಲಿನ ಗುಟ್ಟು ಗೊತ್ತಾಗುವುದಿಲ್ಲ, ಹಾಗಾಗಿ ಪಟ್ಟಿ ಟೆಸ್ಟ್ ಮಾಡಬೇಕು. ಎಪ್‌ಸ್ಟೈನ್ ಫ್ರೇಮ್ ಅನ್ನುವ ಲಾಸ್ ಅಳೆಯುವ ಚೌಕಟ್ಟಿಗೆ ಹಾಕುವ 30 ಮಿ.ಮೀ. ಪಟ್ಟಿಗಳ ಲಾಸ್ ಅಳೆಯಿರಿ. ಅವನ್ನೇ ಉದ್ದಕ್ಕೆ ಸೀಳಿ 15 ಮಿ.ಮೀ. ಮಾಡಿ, ಪಕ್ಕಪಕ್ಕ ಇಟ್ಟು ಮತ್ತೆ ಅಳೆಯಿರಿ. ಆಮೇಲೆ 7.5. ಕಬ್ಬಿಣ ಅಷ್ಟೇ ಇದೆ, ಕತ್ತರಿಸಿದ ಅಂಚು ಮಾತ್ರ ಹೆಚ್ಚಾಗುತ್ತಿದೆ. ಪ್ರತಿ ಸಲ ಲಾಸ್ ಎಷ್ಟು ಏರಿತು ಅನ್ನುವುದೇ ನಿಮ್ಮ ಕತ್ತರಿಯ ಏಟು.

ಇನ್ನೊಂದು ಹೌಸಿಂಗ್. ಅಲ್ಯೂಮಿನಿಯಂ ಹೌಸಿಂಗ್ ಕಾಯಿಸಿ ಸ್ಟೇಟರ್ ಕೂರಿಸುತ್ತೇವೆ. ತಣ್ಣಗಾದಾಗ ಅದು ಯೋಕನ್ನು ಅಮುಕುತ್ತದೆ. ಎಲೆಕ್ಟ್ರಿಕಲ್ ಸ್ಟೀಲ್‌ಗೆ ಎಳೆತ ಅಷ್ಟು ಕೆಡಕಲ್ಲ, ಅಮುಕುವುದು ಮಾತ್ರ ಬಹಳ ಕೆಡಕು. ಯಾಕೆ ಅಷ್ಟು ಬಿಗಿ ಇಡುತ್ತಾರೆ ಅಂದರೆ, ಅಲ್ಯೂಮಿನಿಯಂ ಸ್ಟೀಲ್‌ಗಿಂತ ಸುಮಾರು ಎರಡು ಪಟ್ಟು ಹಿಗ್ಗುತ್ತದೆ. 200 ಮಿ.ಮೀ. ವ್ಯಾಸದಲ್ಲಿ 80 ಡಿಗ್ರಿ ಬಿಸಿ ಏರಿದರೆ ಎರಡರ ನಡುವೆ 0.17 ಮಿ.ಮೀ. ವ್ಯತ್ಯಾಸ ಬರುತ್ತದೆ. ಆಗಲೂ ಸ್ಟೇಟರ್ ತಿರುಗಬಾರದು ಅಂತ ತಣ್ಣಗಿದ್ದಾಗ ವಿಪರೀತ ಬಿಗಿ. ಒಂದೇ ಸ್ಟ್ಯಾಕ್‌ಗೆ ಹೌಸಿಂಗ್ ಹಾಕುವ ಮೊದಲು ಮತ್ತು ಹಾಕಿದ ಮೇಲೆ ಲೂಪ್ ಟೆಸ್ಟ್ ಮಾಡಿ. ಬುಡ ಎದ್ದಿದ್ದರೆ ಬಿಗಿ ಕಡಿಮೆ ಮಾಡಿ ಕೀ ಅಥವಾ ಪಿನ್ ಕೊಡುವ ಯೋಚನೆ ಮಾಡಬೇಕು.

ಪಂಚಿಂಗ್ ಏಟಿಗೆ ಮದ್ದು ಅನೀಲಿಂಗ್. ಸುಮಾರು 750 ಡಿಗ್ರಿ, ಎರಡು ಗಂಟೆ, ಒಣ ನೈಟ್ರೋಜನ್‌ನಲ್ಲಿ. ಹಾಕುವ ಮೊದಲು ಪಂಚಿಂಗ್ ಎಣ್ಣೆ ಪೂರ್ತಿ ಹೋಗಿರಬೇಕು. ಎಣ್ಣೆಯ ಕಾರ್ಬನ್ ಶೀಟ್‌ಗೆ ಇಳಿದರೆ ಮೋಟರ್ ಓಡುತ್ತಾ ಓಡುತ್ತಾ ತಿಂಗಳುಗಳಲ್ಲಿ ಲಾಸ್ ಮತ್ತೆ ಏರುತ್ತದೆ. ಮೊದಲ ದಿನ ಪಾಸಾಗಿ ಆಮೇಲೆ ವಾಪಸ್ ಬರುವ ಮೋಟರ್‌ಗಳಲ್ಲಿ ಇದನ್ನೂ ನೋಡಿ.

ರೋಟರ್ ಉಬ್ಬಿದ್ದರೆ

ಓವರ್‌ಸ್ಪೀಡ್ ಟೆಸ್ಟ್ ಗಟ್ಟಿ ಗೋಡೆಯ ಗುಂಡಿಯಲ್ಲೇ ಆಗಬೇಕು. ರೋಟರ್ ತಿರುಗುವ ಸಾಲಿನಲ್ಲಿ ಯಾರೂ ನಿಲ್ಲಬಾರದು. ಇದಕ್ಕೆ ವಿನಾಯಿತಿ ಇಲ್ಲ.

ಟೆಸ್ಟ್ ಆದ ತಕ್ಷಣ ಅಳೆಯಬೇಡಿ. 140 ಮಿ.ಮೀ. ರೋಟರ್ 30 ಡಿಗ್ರಿ ಬಿಸಿಯಾಗಿದ್ದರೆ ಅಷ್ಟಕ್ಕೇ ವ್ಯಾಸ 0.05 ಮಿ.ಮೀ. ಹೆಚ್ಚು ತೋರಿಸುತ್ತದೆ. ನಾವು ಹುಡುಕುತ್ತಿರುವ ಉಬ್ಬೂ ಅಷ್ಟೇ ಇರುತ್ತದೆ. ರಾತ್ರಿ ಬಿಟ್ಟು, ಮೊದಲ ಅಳತೆ ತೆಗೆದ ಕೋಣೆಯಲ್ಲೇ, ಅದೇ ಉಷ್ಣತೆಯಲ್ಲಿ ಅಳೆಯಿರಿ.

ಎಲ್ಲೋ ಒಂದು ಕಡೆ ಡಯಲ್ ಇಟ್ಟು ಸುತ್ತಿಸಿದರೆ ಸಾಲದು. ಒಂದೊಂದು ಪೋಲ್‌ಗೆ ಮೂರು ಜಾಗ ಗುರುತು ಮಾಡಿ: ಪೋಲ್ ನಡುವೆ, ಎರಡು ಪೋಲ್‌ಗಳ ಸಂದಿಯಲ್ಲಿ, ಬ್ರಿಡ್ಜ್ ಮೇಲೆ. 8 ಪೋಲ್‌ಗೆ 24 ಓದು. ಪೋಲ್ ನಡು ಎದ್ದು ಸಂದಿ ಹಾಗೇ ಇದ್ದರೆ ಬ್ರಿಡ್ಜ್ ಎಳೆದಿದೆ, ಅನುಮಾನವೇ ಬೇಡ. ಎಲ್ಲ ಕಡೆ ಸಮವಾಗಿ ಹೆಚ್ಚಾಗಿದ್ದರೆ ಒಂದೋ ರೋಟರ್ ಇನ್ನೂ ಬಿಸಿಯಿದೆ, ಇಲ್ಲವೇ ಶಾಫ್ಟ್ ಬಿಗಿಯ ಕಡೆ ನೋಡಬೇಕು. ಒಂದೇ ಪೋಲ್ ಎದ್ದಿದ್ದರೆ ಆ ಕಿಂಡಿಯ ಮೂಲೆ, ಆ ಮ್ಯಾಗ್ನೆಟ್‌ನ ಅಂಟು ನೋಡಿ.

ಮೊದಲ ಓವರ್‌ಸ್ಪೀಡ್‌ನಲ್ಲಿ ಮ್ಯಾಗ್ನೆಟ್‌ಗಳು ಜಾಗಕ್ಕೆ ಕೂತು ಚೂರು ಉಬ್ಬುವುದು ಸಹಜ. ಎರಡನೇ ಸಲ ಅದೇ ವೇಗಕ್ಕೆ ಒಯ್ದಾಗ ಮತ್ತೆ ಉಬ್ಬಬಾರದು. ಪ್ರತಿ ಸಲ ಸ್ವಲ್ಪ ಸ್ವಲ್ಪ ಏರುತ್ತಲೇ ಹೋದರೆ ಬ್ರಿಡ್ಜ್ ಯೀಲ್ಡ್ ದಾಟಿ ಓಡುತ್ತಿದೆ ಅಂತ ಅರ್ಥ. ಏರ್ ಗ್ಯಾಪ್ 0.7 ಮಿ.ಮೀ. ಇರುವ ಮೋಟರ್‌ನಲ್ಲಿ ಅದು ಎಷ್ಟು ದಿನ ಬಾಳೀತು?

ಈಗ ಗಟ್ಟಿತನ. ರೋಟರ್‌ನ ಒಂದು ಹಾಳೆ, ಅದೇ ಕಾಯಿಲ್‌ನ ಪಂಚ್ ಆಗದ ಒಂದು ತುಂಡು, ಎರಡನ್ನೂ ವಿಕರ್ಸ್ ಮೆಷಿನ್‌ಗೆ ಕೊಡಿ. 1 ಕೆ.ಜಿ. ಲೋಡ್ ಅಂತ ಹೇಳಿ. ಲ್ಯಾಬ್‌ನವರು ಅಭ್ಯಾಸಬಲದಿಂದ 5 ಕೆ.ಜಿ. ಹಾಕಿದರೆ ಅಂಕಿ ನಂಬಬೇಡಿ. ಶೀಟ್ ದಪ್ಪ ಮೆಷಿನ್‌ನ ಮೊನೆ ಒತ್ತಿದ ಗುಳಿಯ ಕರ್ಣದ ಒಂದೂವರೆ ಪಟ್ಟಾದರೂ ಇರಬೇಕು. 200 ಗಟ್ಟಿತನದ ಶೀಟ್‌ಗೆ 5 ಕೆ.ಜಿ. ಗುಳಿಯ ಕರ್ಣ 0.215 ಮಿ.ಮೀ. ಅದಕ್ಕೆ 0.32 ದಪ್ಪ ಬೇಕು, ನಮ್ಮಲ್ಲಿರುವುದು 0.25. 1 ಕೆ.ಜಿ.ಗೆ ಕರ್ಣ 0.096, ಧಾರಾಳ ಸಾಕು. ಅಳೆಯುವುದು ಕತ್ತರಿಸಿದ ಅಂಚಿನಿಂದ ದೂರ, ಹಾಳೆಯ ನಡುವೆ. ಅಂಚಿನಲ್ಲಿ ಜಜ್ಜಿದ ಲೋಹ ಯಾವಾಗಲೂ ಗಟ್ಟಿಯೇ ತೋರಿಸುತ್ತದೆ.

ತುಂಡೂ ಮೆತ್ತಗಿದ್ದರೆ ಕಾಯಿಲ್ ಅದಲುಬದಲಾಗಿದೆ, ಅಥವಾ ಮಿಲ್‌ನದ್ದೇ ತಪ್ಪು. ತುಂಡು ಗಟ್ಟಿ, ರೋಟರ್ ಮೆತ್ತಗಿದ್ದರೆ ರೋಟರ್ ಎಲ್ಲೋ ಕಾವು ತಿಂದಿದೆ.

ಆ ಎರಡನೆಯದು ಹೇಗೆ ಆಗುತ್ತದೆ ಅನ್ನುವುದು ತಮಾಷೆಯಾಗಿದೆ. ಒಂದೇ ಪ್ರೋಗ್ರೆಸಿವ್ ಡೈನಲ್ಲಿ ಸ್ಟೇಟರ್ ಹಾಳೆಯ ಹೊಟ್ಟೆಯಿಂದಲೇ ರೋಟರ್ ಹಾಳೆ ಬೀಳುತ್ತದೆ. ಶೀಟ್ ಉಳಿಸಲು ಅದೇ ಸರಿ. ಆಮೇಲೆ ಸ್ಟೇಟರ್ ಮಾತ್ರ ಕುಲುಮೆಗೆ ಹೋಗಬೇಕು, ಅಲ್ಲಿ ಕಣ ಬೆಳೆದು ಲಾಸ್ ಇಳಿಯುತ್ತದೆ. ರೋಟರ್ ಹಾಗೇ ಉಳಿಯಬೇಕು, ಅದಕ್ಕೆ ಬಲ ಬೇಕು. ಶೀಟ್ ಒಂದೇ ಆದರೂ ಎರಡಕ್ಕೆ ಎರಡು ಹದ. ಒಂದು ಕಾರ್ಖಾನೆಯಲ್ಲಿ ಕುಲುಮೆಯ ಟ್ರೇಯಲ್ಲಿ ಸ್ಟೇಟರ್ ಸ್ಟ್ಯಾಕ್‌ಗಳ ನಡುವೆ ದುಂಡಗೆ ಖಾಲಿ ಜಾಗ ಇತ್ತು. ರೋಟರ್ ಸ್ಟ್ಯಾಕ್ ಅದರೊಳಗೆ ಅಳತೆ ಮಾಡಿಸಿದಂತೆ ಕೂರುತ್ತಿತ್ತು. ಯಾರೋ ಕೂರಿಸಿದರು. ಆ ಬ್ಯಾಚಿನ ರೋಟರ್ ಲಾಸ್ ಬಹಳ ಚೆನ್ನಾಗಿ ಬಂತು, ಎಲ್ಲರಿಗೂ ಖುಷಿ. ಓವರ್‌ಸ್ಪೀಡ್‌ನಲ್ಲಿ ಪೋಲ್‌ಗಳು ಒಂದರ ಹಿಂದೊಂದು ಎದ್ದವು. ಹಾಳೆಯ ಕತ್ತರಿಸಿದ ಅಂಚನ್ನು ನೋಡಿದ್ದರೆ ಮೊದಲೇ ಗೊತ್ತಾಗುತ್ತಿತ್ತು: ಬೆಳ್ಳಗೆ ಹೊಳೆಯಬೇಕಾದ ಅಂಚು ನೀಲಿ-ಬೂದು ಬಣ್ಣಕ್ಕೆ ತಿರುಗಿತ್ತು.

ಶಾಫ್ಟ್ ಕೂರಿಸಲು ರೋಟರನ್ನು 200 ಡಿಗ್ರಿ ಆಸುಪಾಸು ಕಾಯಿಸುವುದರಿಂದ ಹೀಗಾಗುವುದಿಲ್ಲ. ಅದರ ಮೇಲೆ ಅನುಮಾನ ಬೇಡ.

ಬಿರುಕು ಬಿಟ್ಟಿದ್ದರೆ

ಗಟ್ಟಿತನ ಸರಿಯಿದೆ, ಉಬ್ಬೂ ಇಲ್ಲ, ಆದರೆ ಸಾವಿರಾರು ಸಲ ಓಡಿ ನಿಂತ ಮೇಲೆ ಬ್ರಿಡ್ಜ್ ಬಿರಿದಿದೆ ಅಂದರೆ ಅದು ದಣಿವಿನ ಬಿರುಕು, ಅಂದರೆ ಫಟೀಗ್. ಯೀಲ್ಡ್ ಅಂಕಿಯೊಂದನ್ನೇ ಹಿಡಿದು ಕೂತರೆ ಇದು ಸಿಗುವುದಿಲ್ಲ. 40 ಪಟ್ಟು ದೊಡ್ಡದು ಮಾಡುವ ಮೈಕ್ರೋಸ್ಕೋಪ್‌ನಲ್ಲಿ ಕಿಂಡಿಯ ಮೂಲೆಯ ಅಂಚನ್ನು ಅಡ್ಡದಿಂದ ನೋಡಿ. ಪಂಚ್ ಆದ ಅಂಚಿನಲ್ಲಿ ಮೇಲೆ ನುಣುಪು ಭಾಗ, ಕೆಳಗೆ ಹರಿದ ಒರಟು ಭಾಗ ಇರುತ್ತದೆ. ಬಿರುಕು ಸಾಮಾನ್ಯವಾಗಿ ಆ ಒರಟು ಭಾಗದಲ್ಲಿ ಶುರುವಾಗುತ್ತದೆ. ಡೈ ಸವೆದಂತೆ ಒರಟು ಹೆಚ್ಚುತ್ತದೆ.

ಮೂಲೆಯ ತ್ರಿಜ್ಯವನ್ನೂ ಅಳೆಯಿರಿ. ಡ್ರಾಯಿಂಗ್‌ನಲ್ಲಿ ಬರೆದಿದ್ದಕ್ಕೂ ಹಾಳೆಯಲ್ಲಿ ನಿಜವಾಗಿ ಬಂದಿದ್ದಕ್ಕೂ ಹೊಂದುತ್ತದೆಯಾ? ಕಂಪ್ಯೂಟರ್ ಲೆಕ್ಕ ಡ್ರಾಯಿಂಗ್ ಮೇಲೆ ಆಗಿರುತ್ತದೆ, ತಿರುಗುವುದು ಹಾಳೆ. ಬ್ರಿಡ್ಜ್ ದಪ್ಪ ಮಾಡುವ ಮೊದಲು ಮೂಲೆಯನ್ನು ದುಂಡಗೆ ಮಾಡಿ ನೋಡಿ. ಫ್ಲಕ್ಸ್ ಸೋರಿಕೆ ಅಷ್ಟಾಗಿ ಏರುವುದಿಲ್ಲ, ಮೂಲೆಯ ಒತ್ತಡ ಚೆನ್ನಾಗಿ ಇಳಿಯುತ್ತದೆ. ಇನ್ನೂ ವೇಗ ಬೇಕು ಅಂದರೆ ಶೀಟ್ ಮೇಲಷ್ಟೇ ಭಾರ ಹಾಕಬಾರದು. 2021ರ ಟೆಸ್ಲಾ ಮಾಡೆಲ್ ಎಸ್ ಪ್ಲೈಡ್‌ನಲ್ಲಿ ರೋಟರ್ ಸುತ್ತ ಕಾರ್ಬನ್ ನಾರಿನ ಪಟ್ಟಿ ಬಿಗಿದದ್ದು ಇದೇ ಕಾರಣಕ್ಕೆ.

ಮಿಲ್‌ಗೆ ದೂರು ಕೊಡುವುದೇ ಆದರೆ

ಇಷ್ಟೆಲ್ಲ ನೋಡಿದ ಮೇಲೂ ಶೀಟ್ ಮೇಲೇ ಅನುಮಾನ ಉಳಿದರೆ ಆಗ ಮೇಲ್ ಹಾಕಿ. ಆದರೆ ಕೋರ್ ಕಳಿಸಬೇಡಿ. ಪಂಚ್ ಆದ ಕೋರ್ ನೋಡಿ ಮಿಲ್‌ನವರು "ನಿಮ್ಮ ಡೈ ಸರಿಯಿಲ್ಲ" ಅನ್ನುತ್ತಾರೆ, ಅದಕ್ಕೆ ನಿಮ್ಮ ಹತ್ತಿರ ಉತ್ತರ ಇರುವುದಿಲ್ಲ. ಕಾಯಿಲ್‌ನ ಪಂಚ್ ಆಗದ ತುಂಡು ಕಳಿಸಿ. ರೋಲಿಂಗ್ ದಿಕ್ಕು ಬಾಣದಿಂದ ಗುರುತು ಮಾಡಿ, ಕಾಯಿಲ್ ನಂಬರ್, ಹೀಟ್ ನಂಬರ್ (ಲೋಹ ಕರಗಿಸಿದ ಬ್ಯಾಚಿನ ಗುರುತು) ಬರೆಯಿರಿ. ಜೊತೆಗೆ ನೀವೇ ಅಳೆದ ದಪ್ಪ, ವಿಕರ್ಸ್ ಓದು, ರೋಲಿಂಗ್ ದಿಕ್ಕಿಗೆ ಉದ್ದಕ್ಕೆ ಅರ್ಧ, ಅಡ್ಡಕ್ಕೆ ಅರ್ಧ ಕತ್ತರಿಸಿದ 30 ಮಿ.ಮೀ. ಪಟ್ಟಿಗಳ 400 ಹರ್ಟ್ಜ್ ಲಾಸ್. ಇದಕ್ಕೆಲ್ಲ ಪ್ರತಿ ಕಾಯಿಲ್‌ನ ಮೊದಲ ಮತ್ತು ಕೊನೆಯ ಒಂದೊಂದು ಮೀಟರ್ ಎತ್ತಿಟ್ಟಿರಬೇಕು. ಸ್ಕ್ರ್ಯಾಪ್‌ನವನ ಲಾರಿ ಬರುವ ಮೊದಲೇ.